ಬಾಗಿಲಲ್ಲೇ ನಿಂತು ನೋಡಿದ ಬಿಪಿ

ಸುಮೇಧಾ ಸೇರಬೇಕೆಂದಿದ್ದ ಹೊರದೇಶದ ಮೆಡಿಕಲ್ ಕಾಲೇಜು ಪ್ರವೇಶ ಪರೀಕ್ಷೆಯ ಅಂಕದ ಜೊತೆಗೆ ಸಂಶೋಧನೆಯ ಅನುಭವವನ್ನೂ ಕೇಳುತ್ತಿತ್ತು. ಹಾಗಾಗಿ ಅವಳು ಓಣಿಯ ಡಾಕ್ಟರು ನಡೆಸುತ್ತಿದ್ದ ಅಧ್ಯಯನಕ್ಕೆ ಸೇರಿ, ವಾರವಾರವೂ ವಯಸ್ಸಾದವರ ಮನೆಗಳಿಗೆ ಹೋಗಿ ರಕ್ತದೊತ್ತಡ ಅಳೆದು ಡಾಕ್ಟರಿಗೆ ಒಪ್ಪಿಸುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಂತೆ ಓದಿಗೆ ಹೊತ್ತು ಸಾಲದಾಯಿತು. ಕೊನೆಯ ಮನೆ ನೀಲವ್ವಜ್ಜಿಯದು. ಒಳಗೆ ಕೂತರೆ ಮಾತು ಮುಗಿಯುತ್ತಿರಲಿಲ್ಲ. ಸುಮೇಧಾ ಬಾಗಿಲಲ್ಲೇ ನಿಂತು ಕೇಳತೊಡಗಿದಳು.

“ಆರಾಮ ಅದೀರೇನ್ರಿ ಅಜ್ಜಿ?”

“ಆರಾಮ ಅದೀನವಾ. ಒಳಗ ಬಾ.”

“ಓದೋದು ಭಾಳ ಐತ್ರಿ. ಮುಂದಿನ ವಾರ ಕೂಡ್ತೀನಿ.”

ಅಜ್ಜಿ ಗಟ್ಟಿಮುಟ್ಟಾಗಿಯೇ ಇದ್ದಾರಲ್ಲ ಎಂದುಕೊಂಡು, ದಾರಿಯಲ್ಲಿ ನಡೆಯುತ್ತಲೇ ಒಂದು ಒಳ್ಳೆಯ ಅಂಕಿ ಬರೆದುಬಿಡುತ್ತಿದ್ದಳು. ಮೊದಲ ಸಲ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದಳು. ಆಮೇಲೆ ರೂಢಿಯಾಯಿತು.

ಪರೀಕ್ಷೆ ಚೆನ್ನಾಗಿ ಆಯಿತು. ಆದರೆ ಅಜ್ಜಿಯ ನೆನಪು ಮನಸ್ಸನ್ನು ಕೊರೆಯುತ್ತಿತ್ತು. ಮರುದಿನವೇ ಹೋಗಿ, ಪಕ್ಕದಲ್ಲಿ ಕೂತು, ಅವರ ತೋಳಿಗೆ ಪಟ್ಟಿ ಸುತ್ತಿದಳು. ಯಂತ್ರ ತೋರಿಸಿದ ಅಂಕಿ ತೀರ ಹೆಚ್ಚಿತ್ತು. ಮತ್ತೊಮ್ಮೆ ಅಳೆದಳು, ಇನ್ನೂ ಹೆಚ್ಚೇ ಇತ್ತು.

“ಅಜ್ಜಿ, ಇವತ್ತ ಬಿಪಿ ಗುಳಿಗಿ ತಗೊಂಡಿಲ್ಲೇನ್ರಿ?”

ಅಜ್ಜಿ ನಗುತ್ತ ಅವಳ ಗಲ್ಲ ಸವರಿದರು.

“ಇನ್ನೆಲ್ಲಿ ಗುಳಿಗಿ? ನೀ ಬರಕೊಟ್ಟಿದ್ದು ನೋಡಿ ಡಾಕ್ಟರು ಹೋದ ತಿಂಗಳನ ಬಂದ್ ಮಾಡ್ಯಾರ. ನಿನ್ನ ಕೈಗುಣ ಛಲೋ ಐತಿ, ಯವ್ವಾ.”