ಒಣಗಿಸಬೇಕಿಲ್ಲದ ತೋಟೆ

ಒಲೆಯ ದಂಡೆಯ ಮೇಲೆ, ಮೊರದ ತುಂಬ ತನ್ನ ಹೊಸ ರಿವಾಲ್ವರಿನ ತೋಟೆಗಳು ಹರವಿರುವುದನ್ನು ಕಂಡು ಕಾಯ್ಕಿಣಿಯ ಪಟೇಲ ರಮಾನಂದ ಒಳಗೆ ಧಾವಿಸಿದ. ಉಸಿರು ಬಿಗಿಹಿಡಿದು ಮೊರವನ್ನು ಜಗಲಿಗೆ ತಂದಿಟ್ಟ.

“ಎಂತ ಮಾಡ್ದ್ಯೇ? ಮನೆಯೇ ಹಾರಿಹೋಗ್ತಿತ್ತು!”

“ಮಳೆಗಾಲ ಅಲ್ದಾ? ಕೋವಿಮದ್ದಿನ ಹಾಗೇ ಬೆಚ್ಚಗಿಟ್ಟೆ,” ಎಂದಳು ಹೆಂಡತಿ ಮಂಗಲಾ.

“ಇದು ಮ್ಯಾಗ್ನಮ್ ತೋಟೆ, ಜೋರಿನ ಮದ್ದು ಒಳಗೇ ತುಂಬಿರ್ತದೆ. ಕಿರುಬೆರಳಿನಷ್ಟಿದ್ರೂ ಹಂದಿ ಉರುಳಿಸ್ತದೆ. ಒಣಗ್ಸೂದು ಬೇಡ, ಮದ್ದು ಜಡಿಯೂದು ಬೇಡ. ಯಾರ ಹಂಗೂ ಇಲ್ಲ, ಅದೇ ಇದ್ರ ಚೆಂದ.” ಅವನು ಒಂದು ತೋಟೆಯನ್ನು ಅಂಗೈಯಲ್ಲಿ ಹೊರಳಿಸಿದ.

“ಹೌದು. ಹಳೇ ಕೋವಿಗೆ ಮದ್ದು ಒಣಗ್ಸೂಕೆ, ಮದ್ದಿನ ಮೇಲೆ ಜಡಿಯೂ ತೆಂಗಿನ ನಾರು ಬಿಡ್ಸೂಕೆ ನಾ ಬೇಕಾಗಿತ್ತು. ಬೇಟೆಗೆ ಹೊರಡೂವಾಗ ಹೆಸರು ಹಿಡಿದು ಕರೀತಿದ್ರಿ,” ಎಂದು ಮಂಗಲಾ ಒಳಗೆ ಹೋದಳು.

ರಮಾನಂದ ಅಂಗೈಯ ತೋಟೆಯನ್ನು ಮೊರಕ್ಕೆ ಹಾಕಿದ. ಗೋಡೆಯ ಹಳೆಯ ಕೋವಿಯನ್ನು ಇಳಿಸಿ, ಅಡುಗೆಮನೆಗೆ ಕೇಳುವಂತೆ ಕೂಗಿದ:

“ಮಂಗಲಾ, ಒಂಚೂರು ನಾರು ಬಿಡ್ಸಿ ಕೊಡೇ.”