ಊದುಗೊಳವೆ

ಡಾಕ್ಟರ್ ಫರ್ಹತ ಚಿಮಟ ಕೈಗೆತ್ತಿಕೊಳ್ಳುವುದಕ್ಕೂ ನಾಲ್ಕು ವರ್ಷದ ಜ್ಯೋತಿ ಚೀರಿಕೊಳ್ಳುವುದಕ್ಕೂ ಸರಿಹೋಯಿತು. ಹುಡುಗಿಯ ಬಲಗಡೆಯ ಮೂಗಿನ ಹೊಳ್ಳೆಯಲ್ಲಿ ತೊಗರಿ ಕಾಳೊಂದು ಸಿಕ್ಕಿಕೊಂಡಿತ್ತು. ಅಂಗಳದಲ್ಲಿ ಒಣಹಾಕಿದ ರಾಶಿಯ ಪಕ್ಕ ಆಡುತ್ತ ಕುಳಿತವಳು ಯಾವಾಗ ತುರುಕಿಕೊಂಡಳೋ, ಯಾರೂ ನೋಡಿರಲಿಲ್ಲ. ಶಿರವಾಳದಿಂದ ಶಹಾಪುರದ ದವಾಖಾನೆಗೆ ಬರುವಷ್ಟರಲ್ಲಿ, ಅಳು ಬಂದಾಗಲೆಲ್ಲ ಸೊರ್ ಎಂದು ಮೂಗೆಳೆದುಕೊಂಡು ಅದನ್ನು ಇನ್ನಷ್ಟು ಒಳಗೆ ಕಳಿಸಿದ್ದಳು.

"ಚಿಮಟ ಬ್ಯಾಡ," ಎಂದು ಡಾಕ್ಟರ್ ತಾವೇ ಹೇಳಿಕೊಂಡು ಅದನ್ನು ತಟ್ಟೆಯಲ್ಲಿಟ್ಟರು. "ಹಿಂಗ ಹೊಯ್ದಾಡಿದ್ರ ಕಾಳು ಹಿಂದಕ್ಕ ಸರೀತದ. ಹಿಂದ ಬಿದ್ರ ಗಂಟಲ, ಅಲ್ಲಿಂದ ಉಸುರಿನ ದಾರಿ. ಆಮ್ಯಾಲ ಕಲಬುರಗಿಗೇ ಒಯ್ಯಬೇಕು, ಎಚ್ಚರ ತಪ್ಪಿಸಿ ತಗೀಬೇಕು. ಅದಕ್ಕೂ ಮೊದಲ ಒಂದು ಉಪಾಯ ಅದ. ತಾಯಿ ಯಾರು?"

"ತಾಯಿ ಹೋಗಿ ಎರಡು ವರ್ಸ ಆತ್ರಿ," ಎಂದಳು ಹಣಮಮ್ಮ. ಹೋದವಳು ಅವಳ ಮಗಳು. ಅಂದಿನಿಂದ ಮೊಮ್ಮಗಳನ್ನು ಸೊಂಟದಿಂದ ಇಳಿಸದೆ ಸಾಕಿದವಳು ಅವಳೇ.

"ಮತ್ತ ಈಕಿ?"

"ಈಕಿ ಸುಮಂಗಲಾ. ಹುಡುಗಿ ಅಪ್ಪ ಮಾಡ್ಕೊಂಡು ಬಂದಾಕಿ."

ಸುಮಂಗಲಾ ಬಾಗಿಲಿಗೆ ಆತು ನಿಂತಿದ್ದಳು. ಹೋದ ಬೇಸಿಗೆಯಲ್ಲಿ ಆ ಮನೆಗೆ ಬಂದವಳು. ಜ್ಯೋತಿ ಇವತ್ತಿನವರೆಗೂ ಅವಳ ಕೈಯಿಂದ ತುತ್ತು ತಿಂದಿಲ್ಲ, ಜಡೆ ಹಾಕಿಸಿಕೊಂಡಿಲ್ಲ. ಬೆಳಗ್ಗೆ ಒಲೆ ಹಚ್ಚುವಾಗ ಮಾತ್ರ ಬಂದು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದಳು. ಸುಮಂಗಲಾ ಊದುಗೊಳವೆ ಹಿಡಿದು ಊದಿ, ಬೂದಿ ಹಾರಿ ಬೆಂಕಿ ಭಗ್ಗೆಂದಾಗ ಬೆನ್ನ ಹಿಂದೆ ಒಂದು ನಗು ಕೇಳುತ್ತಿತ್ತು. ತಿರುಗಿದರೆ ಹುಡುಗಿ ಇರುತ್ತಿರಲಿಲ್ಲ. ನಗುವಾದರೂ ಉಳಿಯಲೆಂದು ಅವಳು ತಿರುಗಿ ನೋಡುವುದನ್ನೇ ಬಿಟ್ಟಿದ್ದಳು. ಈಗ ಕಾಳು ಹಿಂದಕ್ಕೆ ಬಿದ್ದರೆ ಊರಿನ ಬಾಯಲ್ಲಿ ತಾನು ಏನಾಗುತ್ತೇನೆಂಬುದು ಅವಳಿಗೆ ಗೊತ್ತಿತ್ತು. ಟಂಟಂ ಗಾಡಿಯಲ್ಲಿ ಬರುವಾಗಲೇ ಹಣಮಮ್ಮ ಅಂದಿದ್ದಳು: "ಹಡದಾಕಿ ಇದ್ರ ಒಂದು ಕಣ್ಣು ಕೂಸಿನ ಕಡಿ ಇರ್ತಿತ್ತು."

"ಮೂಗು, ಬಾಯಿ ಹೊರಗ ಬ್ಯಾರೆ ಬ್ಯಾರೆ ಕಾಣ್ತಾವ," ಡಾಕ್ಟರ್ ಹೇಳತೊಡಗಿದರು. "ಒಳಗ, ಕಿರುನಾಲಿಗಿ ಹಿಂದ, ಎರಡೂ ಕೂಡ್ತಾವ. ಯಾರರ ಈಕಿ ಬಾಯಿಗೆ ಬಾಯಿಟ್ಟು ಊದಬೇಕು. ಖಾಲಿ ಹೊಳ್ಳಿ ನಾ ಒತ್ತಿ ಹಿಡೀತೀನಿ. ಗಾಳಿಗೆ ಹೋಗಾಕ ಕಾಳಿದ್ದ ಹೊಳ್ಳಿ ಒಂದ ಹಾದಿ ಉಳಿತದ, ಕಾಳು ನೂಕ್ಕೋತ ಬರ್ತದ. ಬ್ಯಾರೆದವರು ಊದಿದ್ರ ಹುಡುಗ್ರು ಬಾಯಿ ತಗಿಯಂಗಿಲ್ಲ. ಅದಕ್ಕ ತಾಯಿ ಯಾರು ಅಂತ ಕೇಳಿದೆ."

"ನಾ ಊದ್ತೀನ್ರಿ," ಎಂದು ಹಣಮಮ್ಮ ಹೊರಗೆ ಹೋಗಿ, ದವಡೆಯಲ್ಲಿದ್ದ ತಂಬಾಕು ಉಗಿದು, ಬಾಯಿ ಮುಕ್ಕಳಿಸಿ ಬಂದಳು. ಹಲ್ಲಿಲ್ಲದ ಬಾಯಿ. ಎಷ್ಟು ಊದಿದರೂ ಗಾಳಿ ಪುಸ್ ಪುಸ್ ಎಂದು ತುಟಿಯಂಚಿನಿಂದಲೇ ಸೋರಿಹೋಯಿತು.

"ಒಲ್ಲೆ ಆಯಿ, ತಂಬಾಕ ನಾರ್ತದ!" ಜ್ಯೋತಿ ಅವಳ ಮುಖ ನೂಕಿ ಅತ್ತಳು. ಮತ್ತೆ ಸೊರ್ ಎಂದಳು.

"ಮೂಗು ಎಳೀಬ್ಯಾಡ ಬೇಟಾ!" ಎಂದರು ಡಾಕ್ಟರ್.

ಹಣಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸುಮಂಗಲಾಳನ್ನು ಕರೆಯಲಿಲ್ಲ. ಜ್ಯೋತಿ ಕುಳಿತ ಸ್ಟೂಲಿನ ಮುಂದಿನಿಂದ ಸರಿದು ಜಾಗ ಬಿಟ್ಟಳು, ಅಷ್ಟೆ.

ಸುಮಂಗಲಾ ಬಂದು ಕುಕ್ಕರಗಾಲಲ್ಲಿ ಕುಳಿತಳು. ಜ್ಯೋತಿ ಹಲ್ಲು ಕಚ್ಚಿಕೊಂಡಳು. ಸುಮಂಗಲಾ ಮೈದಡವಲಿಲ್ಲ, ರಮಿಸಲಿಲ್ಲ.

"ಒಲಿ ಆರಿ ಹೋಗ್ಯದ," ಎಂದಳು. "ಊದಬೇಕು. ಊದುಗೊಳವಿ ಮನ್ಯಾಗ ಬಿಟ್ಟು ಬಂದೀನಿ."

ಜ್ಯೋತಿ ಬಿಕ್ಕುವುದು ನಿಂತಿತು. "ಮತ್ತ ಹೆಂಗ ಊದ್ತಿ?"

"ನೀನ ಕೊಳವಿ. ಬಾಯಿ ತಗಿ."

"ಬೂದಿ ಹಾರ್ತದೇನು?"

"ಹಾರ್ತದ. ಮೂಗಿನಾಗಿಂದ."

ಹುಡುಗಿ ಸ್ವಲ್ಪ ಹೊತ್ತು ವಿಚಾರ ಮಾಡಿ ಬಾಯಿ ತೆರೆದಳು. ಡಾಕ್ಟರು ಎಡಹೊಳ್ಳೆಯ ಮೇಲೆ ಹೆಬ್ಬೆರಳು ಒತ್ತಿದರು. ಸುಮಂಗಲಾ ತುಟಿಗೆ ತುಟಿ ಹೊಂದಿಸಿ, ಬೂದಿಯೊಳಗಿನ ಕೆಂಡ ಎಬ್ಬಿಸುವಂತೆ ಮೊದಲು ಮೆಲ್ಲಗೆ ಊದಿದಳು. ಗಾಳಿ ಎಲ್ಲಿಗೋ ಹೋಗಿ ತಡೆದು ನಿಂತದ್ದು ತಿಳಿಯಿತು. ಆಗ ಉರಿ ಏಳಿಸುವಂತೆ ಜೋರಾಗಿ ಒಮ್ಮೆ ಊದಿದಳು. ಅವಳ ಎಡಗೆನ್ನೆಗೆ ಬೆಚ್ಚಗಿನದೇನೋ ಬಂದು ಬಡಿಯಿತು. ಸಿಂಬಳ ಮೆತ್ತಿದ ತೊಗರಿ ಕಾಳು ಕೆನ್ನೆಯಿಂದ ಜಾರಿ ನೆಲಕ್ಕೆ ಬಿತ್ತು.

ಜ್ಯೋತಿ ನಕ್ಕಳು. ಅದೇ ಕಂಬದ ಮರೆಯ ನಗು. ಈ ಸಲ ಸುಮಂಗಲಾ ಅದನ್ನು ಎದುರಿಗೇ ನೋಡಿದಳು.

ಊರಿಗೆ ಮರಳುವಾಗ ಹುಡುಗಿ ಎಂದಿನಂತೆ ಆಯಿಯ ತೊಡೆಯ ಮೇಲೆಯೇ ನಿದ್ದೆಹೋಗಿದ್ದಳು. ಹಣಮಮ್ಮ ಹೊರಗಿನ ಹತ್ತಿ ಹೊಲಗಳನ್ನು ನೋಡುತ್ತ, "ಉಸುರು ಗಟ್ಟಿ ಅದ ನಿಂದು," ಎಂದಳು. ಮನೆಗೆ ಬಂದವಳೇ ಸುಮಂಗಲಾ ತೊಗರಿ ಚೀಲಕ್ಕೆ ತುಂಬಿ ಬಾಯಿ ಹೊಲಿದಳು. ಒಂದು ಕಾಳೂ ಉಳಿಯದಂತೆ ಅಂಗಳ ಗುಡಿಸಿದಳು.

ಮರುದಿನ ಬೆಳಗ್ಗೆ ಒಲೆ ಊದುವಾಗ ಬೆನ್ನ ಹಿಂದೆ ನಗು ಕೇಳಲಿಲ್ಲ. ತಡೆಯಲಾಗದೆ ತಿರುಗಿದಳು. ಜ್ಯೋತಿ ಕಂಬ ಬಿಟ್ಟು ಮಗ್ಗುಲಿಗೇ ಬಂದು ನಿಂತಿದ್ದಳು. ಎಡಹೊಳ್ಳೆಯನ್ನು ತನ್ನ ಬೆರಳಿನಿಂದಲೇ ಒತ್ತಿಕೊಂಡು ಬಾಯಿ ಅಗಲಿಸಿದ್ದಳು.

ಸುಮಂಗಲಾ ಊದುಗೊಳವೆ ಕೆಳಗಿಟ್ಟಳು. "ಮತ್ತ ಹಾಕ್ಕೊಂಡ್ಯೇನ?" ಎಂದು ಅವಳನ್ನು ಎಳೆದು, ಗದ್ದ ಎತ್ತಿ, ಮೊಬೈಲಿನ ಟಾರ್ಚ್ ಬಿಟ್ಟು ಆ ಹೊಳ್ಳೆ ನೋಡಿದಳು, ಈ ಹೊಳ್ಳೆ ನೋಡಿದಳು.

ಎರಡೂ ಖಾಲಿ ಇದ್ದವು. ಹುಡುಗಿ ತೆರೆದ ಬಾಯಿ ಇನ್ನೂ ಮುಚ್ಚಿರಲಿಲ್ಲ.