ತಮ್ಮ ಮಲಗ್ಯಾನ ಅಂದಿದ್ದೆ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಪುರ್ತಗೇರಿ ಬಿಟ್ಟು ಗಜೇಂದ್ರಗಡದ ಗುಡ್ಡದ ಕೆರೆಯ ಹತ್ತಿರ, ಆಗಷ್ಟೇ ಸುಣ್ಣ ಬಳಿದಿದ್ದ ಹೊಸ ಮನೆಗೆ ಬಂದ ಮಧ್ಯಾಹ್ನ ಅದು. ಅಜ್ಜಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಅವ್ವ ಹಾಲು ಉಕ್ಕಿಸಲು ಒಲೆ ಹೊತ್ತಿಸುತ್ತಿದ್ದಳು. ಎರಡು ವರ್ಷದ ತಮ್ಮನನ್ನು ನನ್ನ ಮುಂದೆ ಕೂರಿಸಿ, "ಕೆರಿ ಇಲ್ಲೇ ಐತಿ, ಇವನ್ನ ಬಿಟ್ಟು ಏಳಬ್ಯಾಡ" ಎಂದಿದ್ದಳು. ಅಷ್ಟು ನೀರನ್ನು ನಾನು ಎಂದೂ ನೋಡಿರಲಿಲ್ಲ. ಅವನನ್ನು ಪಡಸಾಲೆಯಲ್ಲೇ ಬಿಟ್ಟು ಓಡಿದೆ.

ಮರಳಿ ಬಂದಾಗ ಅವನಿರಲಿಲ್ಲ.

"ತಮ್ಮ ಎಲ್ಲದಾನ?" ಒಳಗಿನಿಂದ ಅವ್ವ ಕೇಳಿದಳು.

"ಮಲಗ್ಯಾನ" ಎಂದುಬಿಟ್ಟೆ.

ಮತ್ತೆ ಕೆರೆಗೆ ಓಡಿದೆ. ದಂಡೆಯ ಕೆಸರಿನಲ್ಲಿ ಅವನ ಹೆಜ್ಜೆ ಹುಡುಕಿದೆ. ಇದ್ದವೆಲ್ಲ ನನ್ನವೇ. ಬೈದರೆ ಬೈಯಲಿ, ನಿಜ ಹೇಳೋಣವೆಂದು ಮನೆಗೆ ಬಂದರೆ, ಬಾಗಿಲಲ್ಲೇ ಅಜ್ಜಿ ತುಟಿಗೆ ಬೆರಳಿಟ್ಟಳು. ಬಿಚ್ಚದ ಕೌದಿ ಗಂಟುಗಳ ಹಿಂದೆ ತಮ್ಮ ಬಾಯಿ ತೆರೆದು ಮಲಗಿದ್ದ.

"ಶಾಣ್ಯಾಕಿ ಅದಿ ಬಿಡವ್ವಾ. ಹೊಸಾ ಮನ್ಯಾಗ ಹಟ ಮಾಡ್ತಾನ ಅಂತ ಮಾಡಿದ್ದೆ, ಚಲೋ ಮಲಗಿಸೀದಿ" ಎಂದಳು ಅಜ್ಜಿ.

ನಾನು "ಹೂಂ" ಎಂದೆ. ಅವನ ಪಕ್ಕ ಕುಳಿತು ಪಾದ ಮುಟ್ಟಿ ನೋಡಿದೆ. ಒಣಗಿತ್ತು, ಬೆಚ್ಚಗಿತ್ತು. ಅವನು ಏಳುವವರೆಗೂ ಅದನ್ನು ಹಿಡಿದುಕೊಂಡೇ ಇದ್ದೆ.